ಕೇಳಿಸಿಕೊಳ್ಳುವ ಮುಖ: ಲಿವ್ ಉಲ್ಮನ್ ಅಭಿನಯವನ್ನು ಅರಿಯುವುದು ಹೇಗೆ

1966ರಲ್ಲಿ ತೆರೆಕಂಡ 'ಪರ್ಸೋನಾ' ಎಂಬ ಸ್ವೀಡಿಷ್ ಚಿತ್ರದ ಕೊನೆಯ ಭಾಗದಲ್ಲಿ ಒಂದೇ ಮಾತು ಎರಡು ಸಲ ಬರುತ್ತದೆ. ನರ್ಸ್ ಆಲ್ಮಾ ತನ್ನೆದುರು ಕೂತ ನಟಿ ಎಲಿಸಬೆತ್‌ಗೆ ಅವಳದೇ ಕಥೆ ಹೇಳುತ್ತಾಳೆ. ತಾಯಿಯಾಗಬೇಕೆಂದು ನೀನು ಹೊರಟದ್ದು ಯಾಕೆ, ಹೊಟ್ಟೆಯಲ್ಲಿ ಮಗು ಬೆಳೆಯುತ್ತಾ ಹೋದಂತೆ ಹೆದರಿದ್ದು ಹೇಗೆ, ಹುಟ್ಟಿದ ಮಗುವನ್ನು ಪ್ರೀತಿಸಲಾಗದೆ ಹೋದದ್ದು ಹೇಗೆ. ಮೊದಲ ಸಲ ಕ್ಯಾಮೆರಾ ಮಾತಾಡುವವಳತ್ತ ತಿರುಗುವುದೇ ಇಲ್ಲ. ಕೇಳುತ್ತಿರುವ ಎಲಿಸಬೆತ್‌ಳ ಮುಖದ ಮೇಲೇ ನಿಂತು, ಸ್ವಲ್ಪಸ್ವಲ್ಪವಾಗಿ ಹತ್ತಿರ ಹೋಗುತ್ತದೆ. ಮಾತು ಮುಗಿಯುತ್ತಲೇ ಅದೇ ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಸಲ ಪರದೆಯ ಮೇಲಿರುವುದು ಆಲ್ಮಾಳ ಮುಖ.

ಹೊಸದಾಗಿ ನೋಡುವವರಿಗೆ ಇದು ಪ್ರೊಜೆಕ್ಟರಿನ ಎಡವಟ್ಟು ಅನ್ನಿಸಬಹುದು. ಆದರೆ ಎರಡನ್ನೂ ಒಟ್ಟಿಗೆ ನೋಡಿ ಮುಗಿಸಿದಾಗ ಒಂದು ಸಂಗತಿ ಮನಸ್ಸಿಗೆ ಬರುತ್ತದೆ: ನಡೆಯಬೇಕಾದದ್ದೆಲ್ಲ ಮೊದಲ ಸಲವೇ ನಡೆದುಹೋಗಿತ್ತು. ಮಾತು ಆಲ್ಮಾಳದಾದರೂ ಘಟನೆ ನಡೆದದ್ದು ಆ ಮಾತು ಬಿದ್ದ ಮುಖದಲ್ಲಿ. ರೆಪ್ಪೆ ಒಮ್ಮೆ ತಗ್ಗುತ್ತದೆ, ತುಟಿ ಬಿಗಿಯುತ್ತದೆ, ಉಗುಳು ನುಂಗಿದ ಗಂಟಲು ಸ್ವಲ್ಪ ಅಲುಗುತ್ತದೆ. ಇಷ್ಟರಲ್ಲೇ ಒಬ್ಬ ಹೆಂಗಸಿನ ಬದುಕಿನ ಅತಿ ಗುಟ್ಟಿನ ಮೂಲೆ ತೆರೆದುಕೊಳ್ಳುತ್ತದೆ.

ಆ ಮುಖ ನಾರ್ವೆಯ ಲಿವ್ ಉಲ್ಮನ್ ಅವರದು. ಚಿತ್ರೀಕರಣದ ಹೊತ್ತಿಗೆ ಅವರಿಗೆ 26 ವರ್ಷ.

ಉಲ್ಮನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರನ್ನು ಆ ಚಿತ್ರದ ನಿರ್ದೇಶಕ, ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರ ಸ್ಫೂರ್ತಿದೇವತೆ ಎಂದು ಪರಿಚಯಿಸುತ್ತಾರೆ. ಇಬ್ಬರೂ ಕೂಡಿ ಮಾಡಿದ ಹತ್ತು ಚಿತ್ರಗಳಿವೆ, ಇಬ್ಬರಿಗೂ ಒಬ್ಬ ಮಗಳಿದ್ದಾಳೆ, ಹಾಗಾಗಿ ಆ ಪಟ್ಟಕ್ಕೆ ಕಾರಣವೇನೋ ಇದೆ. ಆದರೂ ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಸ್ಫೂರ್ತಿ ಎಂದರೆ ಸುಮ್ಮನೆ ಇದ್ದು ಇನ್ನೊಬ್ಬರಿಗೆ ಕೆಲಸ ಹಚ್ಚುವುದು. ಉಲ್ಮನ್ ಮಾಡಿದ್ದು ಕಸುಬು. ಕ್ಯಾಮೆರಾದ ಮುಂದೆ ಕೇಳಿಸಿಕೊಳ್ಳುವುದನ್ನು ಅವರು ಅಭಿನಯದ ತಿರುಳನ್ನಾಗಿ ಮಾಡಿಕೊಂಡರು. ಅದರ ಬೇರು ಬರ್ಗ್‌ಮನ್ ಸಿಗುವುದಕ್ಕಿಂತ ಮುಂಚಿನದು. ಅದರ ಫಲ ಬರ್ಗ್‌ಮನ್ ಚಿತ್ರಗಳಾಚೆಗೂ ಹರಡಿದೆ.

ಟೋಕಿಯೋದಿಂದ ಟ್ರಾಂಡ್‌ಹೈಮ್

ಲಿವ್ ಹುಟ್ಟಿದ್ದು 1938ರ ಡಿಸೆಂಬರ್ 16ರಂದು, ಜಪಾನಿನ ಟೋಕಿಯೋದಲ್ಲಿ. ತಂದೆ ವಿಮಾನ ಎಂಜಿನಿಯರ್, ಕೆಲಸದ ಮೇಲೆ ಅಲ್ಲಿದ್ದರು. ಹೆರಿಗೆಯಾದಾಗ ನರ್ಸ್ ಬಗ್ಗಿ, ಹೆಣ್ಣು ಮಗು ಎಂದು ಕ್ಷಮೆ ಕೇಳುವ ದನಿಯಲ್ಲಿ ತಾಯಿಗೆ ತಿಳಿಸಿ, ಗಂಡನಿಗೆ ನೀವೇ ಹೇಳುತ್ತೀರಾ ಎಂದು ಕೇಳಿದ್ದಳಂತೆ. ತಾಯಿಯಿಂದ ಕೇಳಿದ ಈ ಸಂಗತಿಯನ್ನು ಉಲ್ಮನ್ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಹೆಣ್ಣು ಹುಟ್ಟಿದ ಮನೆಯಲ್ಲಿ ಇಂಥ ಪಿಸುಮಾತು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿಕೊಂಡಾಗ, ಕುಟುಂಬ ಊರಿಗೆ ಮರಳುವ ದಾರಿ ಮುಚ್ಚಿತು. ಕೆನಡಾದ ಟೊರಾಂಟೊದಲ್ಲಿ ನಾರ್ವೆಯ ವಾಯುಪಡೆಯವರು 'ಲಿಟಲ್ ನಾರ್ವೆ' ಎಂಬ ತರಬೇತಿ ಶಿಬಿರ ನಡೆಸುತ್ತಿದ್ದರು. ತಂದೆ ಅಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಅಮೆರಿಕಕ್ಕೆ ಹೋದರು. ಲಿವ್ ಇನ್ನೂ ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ಯುದ್ಧ ಮುಗಿದ ಮೇಲೆ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಾರ್ವೆಗೆ ಮರಳಿ, ಟ್ರಾಂಡ್‌ಹೈಮ್ ಊರಿನಲ್ಲಿ ನೆಲೆಸಿದರು. ಪುಸ್ತಕದಂಗಡಿಯಲ್ಲಿ ದುಡಿದು ಸಂಸಾರ ನಡೆಸಿದರು.

ಹೀಗೆ ಮಾತು ಕಲಿಯುವ ವಯಸ್ಸಿನಲ್ಲಿ ಮೂರು ದೇಶ ಕಂಡ ಹುಡುಗಿ ನಟಿಯಾಗಬೇಕೆಂದು ಹಟ ಹಿಡಿದಳು. ಲಂಡನ್ನಿಗೆ ಹೋಗಿ ಕೆಲ ತಿಂಗಳು ಅಭಿನಯ ಕಲಿತು ಬಂದರೂ ಓಸ್ಲೋದ ರಂಗಶಾಲೆಯ ಆಯ್ಕೆಯಲ್ಲಿ ಗೆಲ್ಲಲಿಲ್ಲ. ದಾರಿ ತೆರೆದದ್ದು ರಾಜಧಾನಿಯಿಂದ ದೂರದ ಸ್ಟಾವಂಗರ್ ಊರಿನ ರೋಗಲಾಂಡ್ ಥಿಯೇಟರ್. 1957ರಲ್ಲಿ ಅಲ್ಲಿ ಆನ್ ಫ್ರಾಂಕಳ ಪಾತ್ರ ಸಿಕ್ಕಿತು. ನಾಜಿಗಳಿಂದ ಅಡಗಿ ಕೂತ ಯಹೂದಿ ಹುಡುಗಿಯ ಪಾತ್ರ ಉಲ್ಮನ್‌ಗೆ ದೂರದ್ದಾಗಿರಲಿಲ್ಲ. ಅವರ ಅಜ್ಜ ಯಹೂದಿಗಳಿಗೆ ನೆರವಾದ ಕಾರಣಕ್ಕೆ ಸೆರೆಯಾಗಿ ಜರ್ಮನಿಯ ಡಾಖಾವ್ ನಾಜಿ ಸೆರೆಶಿಬಿರದಲ್ಲಿ ಪ್ರಾಣ ಬಿಟ್ಟವರು. ಮುಂದಿನ ಕೆಲ ವರ್ಷ ಓಸ್ಲೋದ ದೊಡ್ಡ ರಂಗಮಂದಿರಗಳಲ್ಲಿ ಅವರಿಗೆ ಪಾತ್ರದ ಮೇಲೆ ಪಾತ್ರ ಬಂತು.

ಸಿನಿಮಾದ ಮೊದಲ ದೊಡ್ಡ ಪಾತ್ರ 1959ರ 'ಉಂಗ್ ಫ್ಲುಕ್ಟ್' ಚಿತ್ರದ್ದು. ಗೆರ್ಡ್ ಎಂಬ ಹದಿಹರೆಯದ ಹುಡುಗಿ. ಊರವರ ಬಾಯಲ್ಲಿ ಹೆಸರು ಕೆಟ್ಟವಳು. ಮರ್ಯಾದಸ್ಥರ ಮನೆಯ ಹುಡುಗನೊಬ್ಬ ಅವಳನ್ನು ಕಾಡಿನ ನಡುವಿನ ಮನೆಗೆ ಕರೆದೊಯ್ಯುತ್ತಾನೆ. ಇದನ್ನು ನಿರ್ದೇಶಿಸಿದವರು ಎಡಿತ್ ಕಾರ್ಲ್ಮಾರ್, ನಾರ್ವೆಯಲ್ಲಿ ಕಥಾಚಿತ್ರ ನಿರ್ದೇಶಿಸಿದ ಮೊದಲ ಮಹಿಳೆ. 1949ರಿಂದ ಹತ್ತು ವರ್ಷದಲ್ಲಿ ಹತ್ತು ಚಿತ್ರ ಮಾಡಿ ಅವರು ನಿರ್ದೇಶನ ನಿಲ್ಲಿಸಿದರು. 'ಉಂಗ್ ಫ್ಲುಕ್ಟ್' ಅವರ ಕೊನೆಯ ಚಿತ್ರ. ಲಿವ್ ಉಲ್ಮನ್‌ರನ್ನು ಪರದೆಗೆ ತಂದವರು ಒಬ್ಬ ಹೆಂಗಸು ಎಂಬುದನ್ನು ಬರ್ಗ್‌ಮನ್ ಅಭಿಮಾನಿಗಳು ಬೇಗ ಮರೆಯುತ್ತಾರೆ. ಆ ಚಿತ್ರದಲ್ಲೇ ಗೆರ್ಡ್ ಸುಮ್ಮನಿದ್ದಾಗ ಹೆಚ್ಚು ನಿಜವಾಗುತ್ತಾಳೆ. ಗಂಡಸರಿಬ್ಬರು ಅವಳ ಬಗ್ಗೆ ಏನೇನೋ ತೀರ್ಮಾನಿಸುತ್ತಿರುವಾಗ ಆ ಕಣ್ಣುಗಳು ಎಲ್ಲವನ್ನೂ ಅಳೆಯುತ್ತಿರುತ್ತವೆ.

ಇಷ್ಟು ಪ್ರತಿಭೆಯಿದ್ದ ನಟಿ ಸ್ವಂತ ದೇಶದಲ್ಲೇ ಯಾಕೆ ತಾರೆಯಾಗಲಿಲ್ಲ? ಇದಕ್ಕೆ ಉತ್ತರ ಚಿತ್ರೋದ್ಯಮದ ಲೆಕ್ಕಾಚಾರದಲ್ಲಿದೆ. 1913ರ ಕಾನೂನಿನ ಪ್ರಕಾರ ನಾರ್ವೆಯಲ್ಲಿ ಚಿತ್ರಮಂದಿರ ನಡೆಸಲು ಸ್ಥಳೀಯ ಆಡಳಿತದ ಪರವಾನಗಿ ಬೇಕಿತ್ತು. ನಗರಸಭೆಗಳು ಕ್ರಮೇಣ ಚಿತ್ರಮಂದಿರಗಳನ್ನು ತಾವೇ ನಡೆಸತೊಡಗಿದವು. ಟಿಕೆಟ್ ಹಣ ಊರಿನ ಬೊಕ್ಕಸಕ್ಕೆ ಹೋಯಿತು, ಚಿತ್ರ ತಯಾರಿಸುವವರ ಕೈಗೆ ಅಷ್ಟಾಗಿ ಮರಳಲಿಲ್ಲ. ಪಕ್ಕದ ಸ್ವೀಡನ್ನಿನಲ್ಲಿ ಸ್ವೆನ್ಸ್ಕ್ ಫಿಲ್ಮ್‌ಇಂಡಸ್ಟ್ರಿ ಎಂಬ ಕಂಪನಿ 1919ರಿಂದಲೇ ಸ್ಟುಡಿಯೊ, ವಿತರಣೆ, ಚಿತ್ರಮಂದಿರ ಮೂರನ್ನೂ ತನ್ನ ಕೈಯಲ್ಲಿಟ್ಟುಕೊಂಡಿತ್ತು. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಹಾಕಲು ಅಲ್ಲಿ ಸಾಧ್ಯವಿತ್ತು. ನಾರ್ವೇಜಿಯನ್ ಮತ್ತು ಸ್ವೀಡಿಷ್ ಮಾತಾಡುವವರು ಒಬ್ಬರಿಗೊಬ್ಬರು ಅರ್ಥವಾಗುವಷ್ಟು ಆ ಭಾಷೆಗಳು ಹತ್ತಿರದವು. ಗಡಿ ದಾಟುವುದು ನಾರ್ವೆಯ ನಟಿಗೆ ಸಹಜವಾದ ದಾರಿಯಾಗಿತ್ತು.

ಹಾಗೆ ದಾಟಿದಾಗಲೇ, 1962ರಲ್ಲಿ ತೆರೆಕಂಡ ಚಿತ್ರವೊಂದರಲ್ಲಿ, ಸ್ವೀಡನ್ನಿನ ನಟಿ ಬೀಬಿ ಆಂಡರ್ಸನ್ ಜೊತೆಯಾದರು. ಇಬ್ಬರೂ ಗೆಳತಿಯರಾದರು. ಬೀಬಿ ಆಗಲೇ ಬರ್ಗ್‌ಮನ್ ತಂಡದವರು. ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಬರ್ಗ್‌ಮನ್ ಎದುರಾದಾಗ ಗೆಳತಿಯನ್ನು ಪರಿಚಯಿಸಿದರು.

ಮಾತಿಲ್ಲದ ಪಾತ್ರ

1965ರ ಮೊದಲ ತಿಂಗಳುಗಳಲ್ಲಿ ಬರ್ಗ್‌ಮನ್ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದರು. ಒಪ್ಪಿಕೊಂಡಿದ್ದ ದೊಡ್ಡ ಚಿತ್ರವೊಂದು ನಿಂತುಹೋಯಿತು. ಬೀಬಿ ಮತ್ತು ಲಿವ್ ಒಟ್ಟಿಗೆ ಬಿಸಿಲು ಕಾಯಿಸುತ್ತಿದ್ದ ಫೋಟೊವೊಂದು ಅವರ ಕಣ್ಣಿಗೆ ಬಿದ್ದಿತ್ತು. ಇಬ್ಬರ ನಡುವಿನ ಹೋಲಿಕೆ ತಲೆಯಲ್ಲಿ ಕೂತುಬಿಟ್ಟಿತು. ಹಾಸಿಗೆಯಲ್ಲೇ 'ಪರ್ಸೋನಾ' ಬರೆದರು. ನಾಟಕದ ನಡುವೆ ಥಟ್ಟನೆ ಮಾತು ನಿಲ್ಲಿಸಿ, ಆಮೇಲೆ ಮಾತೇ ಆಡದ ನಟಿ ಎಲಿಸಬೆತ್. ಅವಳ ಆರೈಕೆಗೆಂದು ಜೊತೆಯಾಗಿ ಸಮುದ್ರತೀರದ ಮನೆಗೆ ಹೋಗುವ ನರ್ಸ್ ಆಲ್ಮಾ. ಇಡೀ ಚಿತ್ರದಲ್ಲಿ ಎಲಿಸಬೆತ್‌ಳ ಮಾತು ಬೆರಳೆಣಿಕೆಯಷ್ಟು ಪದಗಳು. ಕುದಿಯುವ ನೀರನ್ನು ಆಲ್ಮಾ ಎತ್ತಿ ಹಿಡಿದಾಗ ಬೇಡ ಎಂದು ಚೀರುತ್ತಾಳೆ. ಕೊನೆಯ ಹೊತ್ತಿಗೆ 'ಏನೂ ಇಲ್ಲ' ಎಂದು ಹೇಳಿಸಿದಾಗ ಹೇಳುತ್ತಾಳೆ.

ರಂಗಭೂಮಿಯಿಂದ ಬಂದ ಯಾರಿಗಾದರೂ ಇದು ಕಷ್ಟದ ಪರೀಕ್ಷೆ. ರಂಗದ ನಟನಿಗೆ ಹಿಂದಿನ ಸಾಲಿನವನಿಗೂ ಭಾವ ಮುಟ್ಟಬೇಕು. ಅದಕ್ಕೆ ದನಿ ಬೇಕು, ಕೈ ಬೇಕು, ನಡಿಗೆ ಬೇಕು. ಕ್ಲೋಸ್‌ಅಪ್‌ನಲ್ಲಿ ಮುಖವೊಂದೇ ಇಡೀ ಪರದೆಯನ್ನು ತುಂಬುತ್ತದೆ. ಹುಬ್ಬು ಒಂದೆಳೆ ಏರಿದರೂ ಅದು ದೊಡ್ಡ ಘಟನೆ. ಅಲ್ಲಿ ಭಾವವನ್ನು ಮಾಡಿ ತೋರಿಸಲು ಹೋದರೆ ಸುಳ್ಳು ಕೂಡಲೇ ಗೊತ್ತಾಗುತ್ತದೆ. ಹಾಗೆಂದು ಏನೂ ಮಾಡದೆ ಕೂತರೆ ಮುಖ ಖಾಲಿ ಗೋಡೆಯಾಗುತ್ತದೆ. ಉಲ್ಮನ್ ಹಿಡಿದ ದಾರಿ ಈ ಎರಡರ ನಡುವಿನದು: ಎದುರಿನವರ ಮಾತನ್ನು ಆ ಕ್ಷಣದಲ್ಲಿ, ಮೊದಲ ಸಲವೆಂಬಂತೆ ನಿಜವಾಗಿ ಕೇಳುವುದು. ಕೇಳಿದ್ದು ಒಳಗೆ ಏನು ಮಾಡುತ್ತದೋ ಅದನ್ನು ತಡೆಯದೆ ಬಿಡುವುದು. ಮುಂದೇನು ಬರುತ್ತದೆಂದು ನಟಿಗೆ ಗೊತ್ತು, ಕೇಳುತ್ತಿರುವ ಹೆಂಗಸಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯನ್ನು ಪ್ರತಿ ಟೇಕ್‌ನಲ್ಲೂ ಉಳಿಸಿಕೊಳ್ಳುವುದೇ ಈ ಕಸುಬಿನ ಕಷ್ಟ.

ಚಿತ್ರದ ಮೊದಲ ಭಾಗದಲ್ಲಿ ಇದನ್ನು ಬರಿಗಣ್ಣಿಗೆ ಕಾಣುವಂತೆ ತೋರಿಸುವ ದೃಶ್ಯವಿದೆ. ಆಸ್ಪತ್ರೆಯ ಮಂಚದಲ್ಲಿ ಎಲಿಸಬೆತ್ ಮಲಗಿದ್ದಾಳೆ, ರೇಡಿಯೊದಲ್ಲಿ ಬಾಖ್ ಸಂಗೀತ. ಕ್ಯಾಮೆರಾ ಕದಲುವುದಿಲ್ಲ. ಕೋಣೆಯ ಬೆಳಕು ಮಾತ್ರ ಕರಗುತ್ತಾ ಕರಗುತ್ತಾ ಮುಖ ಕತ್ತಲಾಗುತ್ತದೆ. ಅವಳು ಏನೂ 'ಮಾಡುವುದಿಲ್ಲ', ಆದರೆ ಸಂಗೀತ ಅವಳೊಳಗೆ ಇಳಿಯುತ್ತಿರುವುದು ಕಾಣುತ್ತದೆ. ಮತ್ತೊಂದು ಕಡೆ ಟಿ.ವಿ.ಯಲ್ಲಿ ವಿಯೆಟ್ನಾಂನ ಬೌದ್ಧ ಭಿಕ್ಷುವೊಬ್ಬರು ಬೆಂಕಿ ಹಚ್ಚಿಕೊಂಡು ಉರಿಯುವ ದೃಶ್ಯ ಬರುತ್ತದೆ. ಎಲಿಸಬೆತ್ ಗೋಡೆಗೆ ಒತ್ತಿಕೊಂಡು ಬಾಯಿಗೆ ಕೈ ಹಿಡಿಯುತ್ತಾಳೆ. ಮಾತು ಬಿಟ್ಟವಳಿಗೆ ಲೋಕ ಕೇಳಿಸುವುದು ನಿಂತಿಲ್ಲ. ಕೇಳಿಸುವುದು ಇನ್ನಷ್ಟು ಹೆಚ್ಚಾಗಿದೆ.

ಛಾಯಾಗ್ರಾಹಕ ಸ್ವೆನ್ ನೀಕ್ವಿಸ್ಟ್ ಅವರ ಪಾಲು ಇಲ್ಲಿ ದೊಡ್ಡದು. ದೀಪವನ್ನು ನೇರ ಮುಖಕ್ಕೆ ಹೊಡೆಯದೆ, ಗೋಡೆಗೋ ಬಿಳಿ ಹಲಗೆಗೋ ಬಡಿಸಿ ಮೆದುವಾಗಿ ಬೀಳಿಸುವುದು ಅವರ ಪದ್ಧತಿ. ಗಾಢ ನೆರಳುಗಳಿಲ್ಲದ ಆ ಬೆಳಕಿನಲ್ಲಿ ಚರ್ಮದ ಸೂಕ್ಷ್ಮ ಚಲನೆಗಳೂ ಉಳಿಯುತ್ತವೆ. ದಪ್ಪ ಮೇಕಪ್ ಬೇಕಾಗುವುದಿಲ್ಲ, ಇದ್ದರೆ ಕೆಡುಕೇ. ಉಲ್ಮನ್ ಅಭಿನಯ ಆ ಬೆಳಕಿಗೆ ಹೇಳಿಮಾಡಿಸಿದ್ದು.

ಒಂದೇ ಮಾತಿನ ಆ ಎರಡು ಆವೃತ್ತಿಗಳ ಕೊನೆಗೆ ಇಬ್ಬರ ಅರ್ಧರ್ಧ ಮುಖಗಳನ್ನು ಸೇರಿಸಿ ಒಂದು ಮುಖ ಮಾಡಿದ ಚೌಕಟ್ಟು ಬರುತ್ತದೆ. ಸಂಕಲನದ ಕೋಣೆಯಲ್ಲಿ ಅದನ್ನು ಮೊದಲು ತೋರಿಸಿದಾಗ ಇಬ್ಬರು ನಟಿಯರೂ ತಮ್ಮ ಮುಖವನ್ನು ಗುರುತಿಸದೆ, ಅದು ಇನ್ನೊಬ್ಬಳದೆಂದುಕೊಂಡರು ಎಂದು ಬರ್ಗ್‌ಮನ್ ಹೇಳಿಕೊಂಡಿದ್ದಾರೆ.

ಫೋರೋ ದ್ವೀಪದ ವರ್ಷಗಳು

'ಪರ್ಸೋನಾ' ಚಿತ್ರೀಕರಣದ ಬಹುಪಾಲು ನಡೆದದ್ದು ಬಾಲ್ಟಿಕ್ ಸಮುದ್ರದ ಫೋರೋ ದ್ವೀಪದಲ್ಲಿ. ಅಲ್ಲೇ ಬರ್ಗ್‌ಮನ್ ಮತ್ತು ಉಲ್ಮನ್ ಪ್ರೀತಿಸಿದರು. ಇಬ್ಬರಿಗೂ ಬೇರೆ ಮದುವೆಯಾಗಿತ್ತು. 1966ರ ಆಗಸ್ಟ್‌ನಲ್ಲಿ ಮಗಳು ಲಿನ್ ಹುಟ್ಟಿದಳು. ಬರ್ಗ್‌ಮನ್ ದ್ವೀಪದಲ್ಲಿ ಮನೆ ಕಟ್ಟಿಸಿದರು. ಅಲ್ಲಿನ ಏಕಾಂತ, ಅವರ ಅಸೂಯೆ, ಹೊರಗಿನವರನ್ನು ಹತ್ತಿರ ಸೇರಿಸದ ಸ್ವಭಾವ, ಮನೆಯ ಸುತ್ತ ಎದ್ದ ಗೋಡೆ ಇವನ್ನೆಲ್ಲ ಉಲ್ಮನ್ ಮುಚ್ಚಿಡದೆ ಹೇಳಿದ್ದಾರೆ. ಐದು ವರ್ಷಗಳಾಗುವಷ್ಟರಲ್ಲಿ ಮಗಳನ್ನು ಕರೆದುಕೊಂಡು ಹೊರಟುಬಂದರು. ಇಬ್ಬರೂ ಮದುವೆಯಾಗಲಿಲ್ಲ.

ಆ ಅವಧಿಯ ಚಿತ್ರಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು 1968ರ 'ಶೇಮ್'. ಯುದ್ಧಕ್ಕೆ ಬೆನ್ನು ಹಾಕಿ ದ್ವೀಪದಲ್ಲಿ ನೆಲೆಸಿದ ಸಂಗೀತಗಾರ ದಂಪತಿ. ಯುದ್ಧವೇ ಮನೆ ಬಾಗಿಲಿಗೆ ಬರುತ್ತದೆ. ಯಾವ ಕಡೆಯವರು ಯಾರು, ಯಾರ ಪಕ್ಷ ನ್ಯಾಯ ಎಂಬುದನ್ನು ಚಿತ್ರ ಹೇಳುವುದಿಲ್ಲ. ಉಲ್ಮನ್‌ರ ಈವಾ ಮೊದಮೊದಲು ಗಟ್ಟಿಗಿತ್ತಿ, ಗಂಡ ಹೆದರುಪುಕ್ಕಲ. ಹೋಗುತ್ತಾ ಗಂಡ ಕ್ರೂರಿಯಾಗುತ್ತಾನೆ, ಅವಳು ಅವನನ್ನು ನೋಡುತ್ತಾ ನೋಡುತ್ತಾ ಒಳಗೊಳಗೇ ಕುಸಿಯುತ್ತಾಳೆ. ಗಂಡನನ್ನು ಅಪರಿಚಿತನಂತೆ ಕಾಣುವ ಆ ನೋಟ ಹಂತಹಂತವಾಗಿ ಬದಲಾಗುವುದನ್ನು ಗಮನಿಸಿದರೆ ಯುದ್ಧ ಮನುಷ್ಯರನ್ನು ಏನು ಮಾಡುತ್ತದೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸಂಘ ಆ ವರ್ಷದ ಶ್ರೇಷ್ಠ ನಟಿ ಎಂದು ಅವರನ್ನು ಆರಿಸಿತು.

1972ರ 'ಕ್ರೈಸ್ ಅಂಡ್ ವಿಸ್ಪರ್ಸ್' ಚಿತ್ರದಲ್ಲಿ ಮರಿಯಾ ಎಂಬ ಚೆಲುವೆಯ ಪಾತ್ರ. ಹಳೆಯ ಪ್ರಿಯಕರನಾದ ವೈದ್ಯ ಅವಳ ಮುಖವನ್ನು ಕನ್ನಡಿಯತ್ತ ತಿರುಗಿಸಿ, ಒಂದೊಂದೇ ಗೆರೆಯನ್ನು ತೋರಿಸಿ ಅದು ಯಾಕೆ ಬಂತೆಂದು ಹೇಳುತ್ತಾನೆ: ಈ ಗೆರೆ ಅಸಡ್ಡೆಯದು, ಈ ಗೆರೆ ಬೇಸರದ್ದು. ಅಷ್ಟು ಹೊತ್ತೂ ಪರದೆಯ ಮೇಲೆ ಮರಿಯಾಳ ಮುಖವೊಂದೇ. ಮೊದಲು ಹೊಗಳಿಕೆಯೆಂದುಕೊಂಡು ಅರಳುತ್ತಾಳೆ, ನಡುವೆ ಚುಚ್ಚುತ್ತದೆ, ಕೊನೆಗೆ ನೀನೂ ನನ್ನ ಹಾಗೆಯೇ ಎಂಬ ನಗು. ವೈದ್ಯನ ದನಿ ಮುಚ್ಚಿ ನೋಡಿದರೂ ಈ ಮೂರು ಘಟ್ಟ ತಿಳಿಯುತ್ತವೆ. ಈ ಚಿತ್ರಕ್ಕೆ ನೀಕ್ವಿಸ್ಟ್ ಅವರಿಗೆ ಆಸ್ಕರ್ ಬಂತು.

ವಲಸೆಗಾರಳು, ತಾರೆ, ಮತ್ತೆ ನಟಿ

ಬರ್ಗ್‌ಮನ್ ಲೋಕದ ಹೊರಗೆ ಉಲ್ಮನ್‌ರನ್ನು ಜಗತ್ತು ಗುರುತಿಸಿದ್ದು ಯಾನ್ ಟ್ರೋಯೆಲ್ ನಿರ್ದೇಶನದ 'ದಿ ಎಮಿಗ್ರಂಟ್ಸ್' ಚಿತ್ರದಿಂದ. 19ನೇ ಶತಮಾನದ ನಡುವೆ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತದ ಬಡ ರೈತರು ಕಲ್ಲು ತುಂಬಿದ ಹೊಲಗಳನ್ನು ಬಿಟ್ಟು ಅಮೆರಿಕದ ಮಿನೆಸೋಟಾಕ್ಕೆ ಹೋದ ಕಥೆ. ಗಂಡ ಕಾರ್ಲ್ ಆಸ್ಕರ್ ಆಗಿ ಮ್ಯಾಕ್ಸ್ ವಾನ್ ಸಿಡೋ, ಹೆಂಡತಿ ಕ್ರಿಸ್ಟೀನಾ ಆಗಿ ಉಲ್ಮನ್. ಕ್ರಿಸ್ಟೀನಾಗೆ ಹೋಗಲು ಮನಸ್ಸಿಲ್ಲ, ಹಸಿವು ಅವಳನ್ನು ಒಪ್ಪಿಸುತ್ತದೆ. ಹಡಗಿನ ತಳದಲ್ಲಿ ಮಕ್ಕಳನ್ನು ಅಪ್ಪಿಕೊಂಡು ಮಲಗಿದವಳು, ಮುಂದುವರಿಕೆಯಾಗಿ ಬಂದ 'ದಿ ನ್ಯೂ ಲ್ಯಾಂಡ್' ಚಿತ್ರದಲ್ಲಿ ಹೊಸ ನೆಲದಲ್ಲಿ ಮನೆ ಕಟ್ಟಿದ ಮೇಲೂ ಹಳೆಯ ಊರಿನ ಸೇಬಿನ ಮರವನ್ನು ನೆನೆಯುವವಳು. ಸ್ವೀಡನ್ನಿನಲ್ಲಿ 'ದಿ ಎಮಿಗ್ರಂಟ್ಸ್' 1971ರಲ್ಲಿ ಬಂತು. ಅಮೆರಿಕದ ಬಿಡುಗಡೆಯ ನಂತರ ಉಲ್ಮನ್‌ಗೆ ಗೋಲ್ಡನ್ ಗ್ಲೋಬ್ ಸಿಕ್ಕಿತು, ಶ್ರೇಷ್ಠ ನಟಿಯ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಇಂಗ್ಲಿಷೇತರ ಚಿತ್ರವಾಗಿದ್ದೂ ಅದು ಶ್ರೇಷ್ಠ ಚಿತ್ರದ ಪಟ್ಟಿಯಲ್ಲಿತ್ತು. ಬಾಲ್ಯದಲ್ಲಿ ಖಂಡಗಳನ್ನು ದಾಟಿದ ಹುಡುಗಿಗೆ ಈ ಪಾತ್ರ ಎಲ್ಲಿಂದ ಬಂತೆಂದು ಊಹಿಸಬಹುದು.

1972ರ ಡಿಸೆಂಬರ್‌ನಲ್ಲಿ 'ಟೈಮ್' ಪತ್ರಿಕೆ ಹಾಲಿವುಡ್ಡಿನ ಹೊಸ ತಾರೆ ಎಂದು ಅವರನ್ನು ಮುಖಪುಟಕ್ಕೆ ಹಾಕಿತು. ಹಾಲಿವುಡ್ ಕರೆಯಿತು, ಅವರು ಹೋದರು, ಚಿತ್ರಗಳು ಸೋತವು. 1973ರ 'ಲಾಸ್ಟ್ ಹೊರೈಜನ್' ಹಾಡುಗಳ ದುಬಾರಿ ಚಿತ್ರ, ದೊಡ್ಡ ನಷ್ಟ. ಅದೇ ವರ್ಷದ 'ಫಾರ್ಟಿ ಕ್ಯಾರಟ್ಸ್' ಹಾಸ್ಯಚಿತ್ರದಲ್ಲಿ 34ರ ಉಲ್ಮನ್ ನಲವತ್ತರ ಹೆಂಗಸಾಗಬೇಕಿತ್ತು. ಸೋಲಿಗೆ ಅವರ ಇಂಗ್ಲಿಷ್ ಉಚ್ಚಾರಣೆ ಕಾರಣವೆಂದು ಹೇಳಿಬಿಡುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಆ ಚಿತ್ರಗಳು ವೇಗದ ಮಾತು, ಚುರುಕಿನ ಕತ್ತರಿಯ ಮೇಲೆ ನಿಂತವು. ಮಾತಾಡುವವರ ಮೇಲೆ ಶಾಟ್ ಇಟ್ಟು, ಮಾತು ಮುಗಿದ ಕೂಡಲೇ ಮುಂದಿನವರಿಗೆ ಹಾರುವ ಶೈಲಿಯಲ್ಲಿ ಕೇಳುವವರ ಮುಖಕ್ಕೆ ಸಮಯವೇ ಇಲ್ಲ. ಉಲ್ಮನ್‌ರ ನಿಜವಾದ ಬಂಡವಾಳವನ್ನು ಅಲ್ಲಿ ಕತ್ತರಿಸಿ ಹಾಕಿದಂತಾಯಿತು.

ಅಮೆರಿಕದ ರಂಗಭೂಮಿ ಅವರನ್ನು ಚೆನ್ನಾಗಿ ನಡೆಸಿಕೊಂಡಿತು. 1975ರಲ್ಲಿ ನ್ಯೂಯಾರ್ಕಿನಲ್ಲಿ ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕದ ನೋರಾ ಆದರು, ಟೋನಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆದರು. ಗಂಡನ ಮನೆಯ ಬಾಗಿಲು ತೆರೆದು ಹೊರನಡೆಯುವ ನೋರಾ ನಾರ್ವೆಯ ಪ್ರತಿಯೊಬ್ಬ ನಟಿಯೂ ಒಂದಲ್ಲ ಒಂದು ದಿನ ಎದುರಿಸುವ ಪಾತ್ರ.

ಅದಕ್ಕೂ ಮೊದಲೇ ನೋರಾಳ ಇಪ್ಪತ್ತನೇ ಶತಮಾನದ ತಂಗಿಯೊಬ್ಬಳನ್ನು ಅವರು ಪರದೆಯ ಮೇಲೆ ಬದುಕಿದ್ದರು. 1973ರ ವಸಂತದಲ್ಲಿ ಸ್ವೀಡನ್ನಿನ ಟಿ.ವಿ.ಯಲ್ಲಿ ಆರು ಕಂತುಗಳಾಗಿ ಬಂದ 'ಸೀನ್ಸ್ ಫ್ರಮ್ ಎ ಮ್ಯಾರೇಜ್'. ಮರಿಯಾನೆ ವಿಚ್ಛೇದನದ ವಕೀಲೆ, ಯೂಹಾನ್ ಪ್ರಾಧ್ಯಾಪಕ. ಎರ್ಲಂಡ್ ಯೂಸೆಫ್ಸನ್ ಗಂಡನಾಗಿ. ಕಡಿಮೆ ಖರ್ಚಿನಲ್ಲಿ, 16 ಎಂ.ಎಂ. ಫಿಲ್ಮಿನಲ್ಲಿ, ಹೆಚ್ಚಾಗಿ ಮನೆಯ ಕೋಣೆಗಳೊಳಗೇ ತೆಗೆದದ್ದು. ಮೂರನೇ ಕಂತಿನಲ್ಲಿ ಗಂಡ ರಾತ್ರಿ ಮನೆಗೆ ಬಂದು, ಬೇರೊಬ್ಬಳನ್ನು ಪ್ರೀತಿಸುತ್ತಿದ್ದೇನೆ, ನಾಳೆ ಬೆಳಗ್ಗೆ ಹೊರಡುತ್ತೇನೆ ಎನ್ನುತ್ತಾನೆ. ಮರಿಯಾನೆ ಕೂಗಾಡುವುದಿಲ್ಲ. ಅವನ ಪೆಟ್ಟಿಗೆ ತುಂಬಲು ನೆರವಾಗುತ್ತಾಳೆ, ಯಾವ ಬಟ್ಟೆ ಬೇಕೆಂದು ಕೇಳುತ್ತಾಳೆ. ಆಘಾತವಾದ ಮನುಷ್ಯರು ದಿನನಿತ್ಯದ ಕೆಲಸಕ್ಕೆ ಅಂಟಿಕೊಳ್ಳುತ್ತಾರೆ ಎಂಬುದು ಸಾವಿನ ಮನೆಯಲ್ಲಿ ಅಡುಗೆ ಮಾಡಿದ ಯಾರಿಗಾದರೂ ಗೊತ್ತು. ಅವನು ಹೋದ ಮೇಲೆ ಸ್ನೇಹಿತರಿಗೆ ಫೋನ್ ಮಾಡಿದಾಗ ಈ ಸಂಬಂಧದ ವಿಷಯ ಅವರಿಗೆಲ್ಲ ಮೊದಲೇ ಗೊತ್ತಿತ್ತೆಂದು ತಿಳಿಯುತ್ತದೆ. ಆಚೆಯ ದನಿ ನಮಗೆ ಕೇಳುವುದಿಲ್ಲ. ಅವಮಾನ ಪೂರ್ತಿಯಾಗಿ ಉಲ್ಮನ್ ಮುಖದಲ್ಲೇ ಬರೆದುಕೊಳ್ಳುತ್ತದೆ.

ಇದನ್ನು ಮೊಟಕುಗೊಳಿಸಿ ಚಿತ್ರಮಂದಿರಕ್ಕೂ ಬಿಡುಗಡೆ ಮಾಡಿದರು. ಅಮೆರಿಕದ ವಿಮರ್ಶಕರು ಕೊಂಡಾಡಿದರು, ನ್ಯೂಯಾರ್ಕ್ ಚಲನಚಿತ್ರ ವಿಮರ್ಶಕರ ವೃತ್ತ ಉಲ್ಮನ್‌ರನ್ನು ಶ್ರೇಷ್ಠ ನಟಿ ಎಂದಿತು. ಆಸ್ಕರ್ ಮಾತ್ರ ಬಾಗಿಲು ತೆರೆಯಲಿಲ್ಲ. ಚಿತ್ರಮಂದಿರಕ್ಕಿಂತ ಮೊದಲೇ ಟಿ.ವಿ.ಯಲ್ಲಿ ಬಂದಿದ್ದರಿಂದ ಅದು ಸ್ಪರ್ಧೆಗೆ ಅರ್ಹವಲ್ಲ ಎಂದು ನಿಯಮ ತೋರಿಸಿದರು. ಅನೇಕ ಹೆಸರಾಂತ ನಿರ್ದೇಶಕರು ಬಹಿರಂಗ ಪತ್ರ ಬರೆದರೂ ನಿಯಮ ಬದಲಾಗಲಿಲ್ಲ. 1976ರ 'ಫೇಸ್ ಟು ಫೇಸ್' ಚಿತ್ರಕ್ಕೆ ಅವರಿಗೆ ಎರಡನೇ ನಾಮನಿರ್ದೇಶನ ಬಂತು. ಆಗಲೂ ಪ್ರಶಸ್ತಿ ಬರಲಿಲ್ಲ.

ಆ ವರ್ಷ ತೆರಿಗೆ ಮೊಕದ್ದಮೆಯೊಂದರಿಂದ ನೊಂದು ಬರ್ಗ್‌ಮನ್ ಸ್ವೀಡನ್ ಬಿಟ್ಟರು. ಹಾಗಾಗಿ 1978ರ 'ಆಟಮ್ ಸೊನಾಟಾ' ತಯಾರಾದದ್ದು ನಾರ್ವೆಯಲ್ಲಿ, ಉಲ್ಮನ್‌ರ ಸ್ವಂತ ನೆಲದಲ್ಲಿ. ತಾಯಿ ಹೆಸರಾಂತ ಪಿಯಾನೋ ವಾದಕಿ, ಪಾತ್ರಧಾರಿ ಇಂಗ್ರಿಡ್ ಬರ್ಗ್‌ಮನ್ (ನಿರ್ದೇಶಕರ ಸಂಬಂಧಿಯಲ್ಲ). ಮಗಳು ಈವಾ ಹಳ್ಳಿಯ ಪಾದ್ರಿಯ ಹೆಂಡತಿ. ಈವಾ ಅಮ್ಮನ ಎದುರು ಸಂಗೀತಕಾರ ಶೋಪಾನ್‌ನ ಪ್ರೆಲ್ಯೂಡ್ ಎಂಬ ಪುಟ್ಟ ಪಿಯಾನೋ ಕೃತಿಯನ್ನು ನುಡಿಸುತ್ತಾಳೆ, ತಡವರಿಸುತ್ತಾ, ಆದರೆ ಮನಸ್ಸಿಟ್ಟು. ಅಮ್ಮ ಮೆಚ್ಚಿದೆ ಎಂದು ಮೊದಲು ಹೇಳಿ, ಆಮೇಲೆ ಅದನ್ನು ಹೇಗೆ ನುಡಿಸಬೇಕೆಂದು ವಿವರಿಸಿ, ತಾನೇ ನುಡಿಸಿ ತೋರಿಸುತ್ತಾಳೆ. ಈಗ ಚೌಕಟ್ಟಿನಲ್ಲಿ ಇಬ್ಬರ ಮುಖ ಜೊತೆಜೊತೆಗಿದೆ. ಅಮ್ಮ ಕೀಲಿಗಳನ್ನು ನೋಡುತ್ತಿದ್ದಾಳೆ, ಮಗಳು ಅಮ್ಮನನ್ನು. ಆ ನೋಟದಲ್ಲಿ ಮೆಚ್ಚುಗೆ ಇದೆ, ಸೋಲಿದೆ, ಬಾಲ್ಯದಿಂದ ತುಂಬಿಟ್ಟ ದ್ವೇಷವಿದೆ. ಒಂದರ ಮೇಲೊಂದು ಬರುವುದಿಲ್ಲ, ಎಲ್ಲವೂ ಒಟ್ಟಿಗೇ ಇರುತ್ತವೆ. ಕೇಳಿಸಿಕೊಳ್ಳುವ ಅಭಿನಯ ಎಂದು ಇಲ್ಲಿಯವರೆಗೆ ಹೇಳಿದ್ದು ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ದೃಶ್ಯವನ್ನೇ. ಅಕ್ಷರಶಃ ಅದು ಸಂಗೀತ ಕೇಳುವ ದೃಶ್ಯ.

ಕ್ಯಾಮೆರಾದ ಹಿಂದೆ

1980ರಲ್ಲಿ ಉಲ್ಮನ್ ಯುನಿಸೆಫ್‌ನ ಸದ್ಭಾವನಾ ರಾಯಭಾರಿಯಾದರು. ಅದೇ ವರ್ಷ ಕಾಂಬೋಡಿಯಾದ ಹಸಿದ ಜನರಿಗೆ ನೆರವು ತಲುಪಬೇಕೆಂದು ಥಾಯ್ಲೆಂಡ್ ಗಡಿಯಲ್ಲಿ ನಡೆದ ಮೆರವಣಿಗೆಯಲ್ಲಿ ಪಾಲ್ಗೊಂಡರು. 1989ರಲ್ಲಿ ನಿರಾಶ್ರಿತ ಮಹಿಳೆಯರಿಗಾಗಿಯೇ ಒಂದು ಆಯೋಗ ಕಟ್ಟಿದವರಲ್ಲಿ ಒಬ್ಬರಾದರು. ಶಿಬಿರಗಳಲ್ಲಿ ಹೆಚ್ಚಿನವರು ಹೆಂಗಸರು ಮಕ್ಕಳೇ ಆಗಿದ್ದರೂ ಅವರಿಗೇನು ಬೇಕೆಂದು ಅವರನ್ನೇ ಕೇಳುವವರು ವಿರಳವಾಗಿದ್ದ ಕಾಲವದು.

ನಿರ್ದೇಶಕಿಯಾಗಿ ಅವರ ಮೊದಲ ಕಥಾಚಿತ್ರ 1992ರ 'ಸೋಫಿ', 19ನೇ ಶತಮಾನದ ಕೊನೆಯ ಕೋಪನ್‌ಹೇಗನ್‌ನ ಯಹೂದಿ ಕುಟುಂಬದ ಕಥೆ. 1995ರಲ್ಲಿ ನೊಬೆಲ್ ಪುರಸ್ಕೃತೆ ಸಿಗ್ರಿಡ್ ಉಂಡ್ಸೆಟ್‌ರ ಮಧ್ಯಯುಗದ ಕಾದಂಬರಿ 'ಕ್ರಿಸ್ಟಿನ್ ಲಾವ್ರಾನ್ಸ್‌ದಾಟರ್' ಅನ್ನು ತೆರೆಗೆ ತಂದರು, ಛಾಯಾಗ್ರಹಣ ನೀಕ್ವಿಸ್ಟ್ ಅವರದೇ. ಆಮೇಲೆ ಬರ್ಗ್‌ಮನ್ ತಾವು ಬರೆದ ಎರಡು ಚಿತ್ರಕಥೆಗಳನ್ನು ಉಲ್ಮನ್ ಕೈಗೆ ಕೊಟ್ಟರು. ಒಂದು ತನ್ನ ತಾಯಿಯ ಬದುಕಿನ ಸುತ್ತಲಿನದು, 1996ರ 'ಪ್ರೈವೇಟ್ ಕನ್ಫೆಷನ್ಸ್'. ಇನ್ನೊಂದು ತನ್ನ ಯೌವನದ ಪ್ರೇಮಪ್ರಕರಣವೊಂದು ಒಡೆದ ಮನೆಯದು, 2000ರ 'ಫೇಯ್ತ್‌ಲೆಸ್'. ಎರಡನೆಯದು ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಅದರಲ್ಲಿ ದೊಡ್ಡವರ ಪ್ರೇಮ, ಅಸೂಯೆ, ಜಗಳಗಳ ನಡುವೆ ಒಂಬತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಉಲ್ಮನ್ ಕ್ಯಾಮೆರಾ ಮತ್ತೆ ಮತ್ತೆ ಅವಳ ಮುಖಕ್ಕೆ ಮರಳುತ್ತದೆ. ಬರ್ಗ್‌ಮನ್ ತಾವೇ ತೆಗೆದಿದ್ದರೆ ಆ ಹುಡುಗಿಗೆ ಇಷ್ಟು ಜಾಗ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

2001ರಲ್ಲಿ ಕಾನ್ ತೀರ್ಪುಗಾರರ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. 2003ರಲ್ಲಿ ಬರ್ಗ್‌ಮನ್‌ರ ಕೊನೆಯ ಚಿತ್ರ 'ಸಾರಾಬಂಡ್'ನಲ್ಲಿ ಮರಿಯಾನೆ ಮೂವತ್ತು ವರ್ಷದ ನಂತರ ಯೂಹಾನನನ್ನು ಹುಡುಕಿಕೊಂಡು ಹೋಗುತ್ತಾಳೆ. 2007ರ ಜುಲೈ 30ರಂದು ಫೋರೋದಲ್ಲಿ ಬರ್ಗ್‌ಮನ್ ತೀರಿಕೊಂಡರು. ಎರಡು ವರ್ಷದ ಬಳಿಕ ಉಲ್ಮನ್ ಸಿಡ್ನಿಯಲ್ಲಿ ಕೇಟ್ ಬ್ಲಾಂಚೆಟ್‌ರನ್ನು ಮುಖ್ಯಪಾತ್ರದಲ್ಲಿಟ್ಟು 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕ ಮಾಡಿಸಿದರು. ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನ 'ಮಿಸ್ ಜೂಲಿ'ಯನ್ನು ಉತ್ತರ ಐರ್ಲೆಂಡಿನ ಹಳೆಯ ಬಂಗಲೆಯೊಂದರಲ್ಲಿ ಚಿತ್ರವಾಗಿ ತೆಗೆದರು, ಅದು 2014ರಲ್ಲಿ ತೆರೆಕಂಡಿತು. ಮಗಳು ಲಿನ್ ಉಲ್ಮನ್ ಇಂದು ನಾರ್ವೆಯ ಹೆಸರಾಂತ ಕಾದಂಬರಿಗಾರ್ತಿ.

ಉಲ್ಮನ್ ಬದುಕಿನ ಬಗ್ಗೆ ಬಂದ ಎರಡು ಮುಖ್ಯ ಸಾಕ್ಷ್ಯಚಿತ್ರಗಳನ್ನು ಮಾಡಿದವರು ಭಾರತದವರು, ಪುಣೆ ಮೂಲದ ಧೀರಜ್ ಅಕೋಲ್ಕರ್. 2012ರ 'ಲಿವ್ ಅಂಡ್ ಇಂಗ್ಮಾರ್'ನಲ್ಲಿ ಉಲ್ಮನ್ ಫೋರೋದ ಮನೆಯಲ್ಲಿ ಓಡಾಡುತ್ತಾ, ಕ್ಯಾಮೆರಾಗೆ ಎದುರಾಗಿ ಕೂತು, ತನ್ನ ಕಥೆಯನ್ನು ತಾನೇ ಹೇಳುತ್ತಾರೆ. ನೀನು ನನ್ನ ಸ್ಟ್ರಾಡಿವೇರಿಯಸ್ ಎಂದು ಬರ್ಗ್‌ಮನ್ ಹೇಳಿದ್ದನ್ನು, ಅದು ತನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆಯೆಂದು ನೆನೆಯುತ್ತಾರೆ. ಸ್ಟ್ರಾಡಿವೇರಿಯಸ್ ಎಂದರೆ ಇಟಲಿಯ ಹೆಸರಾಂತ ಪಿಟೀಲು. ಅವರ ಸಂತೋಷವನ್ನು ನಾನು ಗೌರವಿಸುತ್ತೇನೆ. ಆದರೆ ಮೇಲಿನ ದೃಶ್ಯಗಳನ್ನೆಲ್ಲ ನೋಡಿದ ಮೇಲೆ ವಾದ್ಯ ಎನ್ನುವುದು ಸಾಲದು, ನುಡಿಸಿದವರೂ ಅವರೇ ಎಂದು ಹೇಳಬೇಕೆನಿಸುತ್ತದೆ. 2022ರ ಮಾರ್ಚ್‌ನಲ್ಲಿ, 83ನೇ ವಯಸ್ಸಿನಲ್ಲಿ, ಅವರಿಗೆ ಗೌರವ ಆಸ್ಕರ್ ಸಂದಿತು. ಮರುವರ್ಷ ಅಕೋಲ್ಕರ್ ಅವರ ಎರಡನೇ ಚಿತ್ರ 'ಎ ರೋಡ್ ಲೆಸ್ ಟ್ರಾವೆಲ್ಡ್' ಕಾನ್‌ನಲ್ಲಿ ಪ್ರದರ್ಶನವಾಯಿತು. ಅದು ನಟಿ, ಲೇಖಕಿ, ನಿರ್ದೇಶಕಿ, ನಿರಾಶ್ರಿತರ ಪರ ದುಡಿದವರು ಎಂದು ಅವರನ್ನು ಇಡಿಯಾಗಿ ನೋಡುತ್ತದೆ.

ಮೊದಲ ಸಲ ಉಲ್ಮನ್‌ರನ್ನು ನೋಡಲು ಹೊರಟವರು 'ಪರ್ಸೋನಾ'ದಿಂದ ಶುರುಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಅದರ ಕಟ್ಟೋಣವೇ ಅರ್ಧ ಗಮನವನ್ನು ತಿಂದುಹಾಕುತ್ತದೆ. 'ಸೀನ್ಸ್ ಫ್ರಮ್ ಎ ಮ್ಯಾರೇಜ್'ನ ಆರು ಕಂತಿನ ಆವೃತ್ತಿ ಹುಡುಕಿ, ದಿನಕ್ಕೆ ಒಂದರಂತೆ ನೋಡಿ. ಕಂತುಗಳಲ್ಲಿ ಬಿಡುವಿದೆ, ಸಂದರ್ಭಗಳು ಎಲ್ಲ ಮನೆಗಳವು. ಮೂರನೇ ಕಂತನ್ನು ಸಾಧ್ಯವಾದರೆ ಎರಡು ಸಲ ನೋಡಿ: ಒಮ್ಮೆ ಸಬ್‌ಟೈಟಲ್ ಓದಿಕೊಂಡು, ಇನ್ನೊಮ್ಮೆ ಅದನ್ನು ಮುಚ್ಚಿ, ಯೂಹಾನ್ ಮಾತಾಡುವಾಗಲೆಲ್ಲ ಮರಿಯಾನೆಯತ್ತಲೇ ಕಣ್ಣಿಟ್ಟು. ಆಮೇಲೆ 'ಆಟಮ್ ಸೊನಾಟಾ', ಅದರ ನಂತರ 'ಶೇಮ್', ಬಳಿಕ 'ದಿ ಎಮಿಗ್ರಂಟ್ಸ್' ಮತ್ತು ಅದರ ಮುಂದುವರಿಕೆ. 'ಪರ್ಸೋನಾ' ಇವೆಲ್ಲ ಆದ ಮೇಲೆ.